ವಾರಕ್ಕೆ 19 ಪುಟ: ಮಾಂಗಾ ಮತ್ತು ಅನಿಮೆಯ ಗುಣ, ದೋಷಗಳು ಹುಟ್ಟುವ ಜಾಗ

ತಕೆಹಿಕೊ ಇನೊವೆ ಅವರ ‘ಸ್ಲ್ಯಾಮ್ ಡಂಕ್’ 31 ಸಂಪುಟಗಳ ಬ್ಯಾಸ್ಕೆಟ್‌ಬಾಲ್ ಮಾಂಗಾ, ಅಂದರೆ ಜಪಾನಿ ಚಿತ್ರಕತೆ. ಅದರ ಕೊನೆಯ ಪಂದ್ಯದಲ್ಲಿ ಶೊಹೊಕು ಎಂಬ ಹೆಸರೇ ಕೇಳದ ಶಾಲೆಯ ತಂಡ, ದೇಶದ ಚಾಂಪಿಯನ್ ತಂಡವಾದ ಸನ್ನೋವನ್ನು ಎದುರಿಸುತ್ತದೆ. ಅಂತಿಮ ಕ್ಷಣಗಳು ಬಂದಾಗ ಇನೊವೆ ಪುಟಗಳಿಂದ ಮಾತನ್ನೇ ತೆಗೆದುಬಿಡುತ್ತಾರೆ. ಒಂದು ಗೊಣಗು ಬಿಟ್ಟರೆ ಸಂಭಾಷಣೆಯ ಗುಳ್ಳೆಗಳಿಲ್ಲ, ಪ್ರೇಕ್ಷಕರ ಕೂಗಿಲ್ಲ. ಓಡುವ ಕಾಲು, ಬೆವರು, ಗಡಿಯಾರ, ಚೆಂಡು ಹಿಡಿಯಲು ಚಾಚಿದ ಕೈ, ಇಷ್ಟೇ. ನಿಜವಾದ ಆಟದಲ್ಲಿ ಕೆಲವೇ ಸೆಕೆಂಡು ಹಿಡಿಯುವ ಘಟನೆ ಪುಟದಿಂದ ಪುಟಕ್ಕೆ ಹರಡಿಕೊಳ್ಳುತ್ತದೆ. ಓದುಗ ಒಂದು ಚೌಕಟ್ಟಿನ ಮೇಲೆ ಎಷ್ಟು ಹೊತ್ತು ಕಣ್ಣು ನಿಲ್ಲಿಸುತ್ತಾನೋ ಅಷ್ಟು ಹೊತ್ತು ಆಟಗಾರ ಗಾಳಿಯಲ್ಲಿ ನಿಂತಿರುತ್ತಾನೆ. ಕಾಲವನ್ನು ಹೀಗೆ ಓದುಗನ ಕೈಗೇ ಕೊಟ್ಟುಬಿಡುವ ಶಕ್ತಿ ಸಿನಿಮಾಕ್ಕಿಲ್ಲ, ಕಾದಂಬರಿಗೂ ಈ ಮಟ್ಟಿಗೆ ಇಲ್ಲ.

ಇದೇ ಕತೆ 1993ರಿಂದ 1996ರವರೆಗೆ 101 ಕಂತುಗಳ ಟಿವಿ ಅನಿಮೆಯಾಗಿ, ಅಂದರೆ ಜಪಾನಿ ಅನಿಮೇಷನ್ ಸರಣಿಯಾಗಿ ಬಂತು. ಆದರೆ ಆ ಪಂದ್ಯದವರೆಗೆ ಅದು ತಲುಪಲೇ ಇಲ್ಲ. ತಲುಪಿದ ಪಂದ್ಯಗಳಲ್ಲೂ ಆಟಗಾರ ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುವಷ್ಟರಲ್ಲಿ ನಾಲ್ಕು ಜನರ ಮನದ ಮಾತು, ಎರಡು ಹಳೆಯ ನೆನಪು, ಗ್ಯಾಲರಿಯಲ್ಲಿ ಕೂತವರ ವಿಶ್ಲೇಷಣೆ ಎಲ್ಲವೂ ಮುಗಿಯುತ್ತಿದ್ದವು. ಕೊನೆಗೆ 2022ರಲ್ಲಿ ಇನೊವೆ ಅವರೇ ನಿರ್ದೇಶಿಸಿದ ಚಲನಚಿತ್ರದಲ್ಲಿ ಸನ್ನೋ ಪಂದ್ಯ ತೆರೆಗೆ ಬಂತು. ಅಂತಿಮ ಕ್ಷಣಗಳಲ್ಲಿ ಅವರು ಸದ್ದನ್ನೇ ನಿಲ್ಲಿಸಿದರು. ಮಾಂಗಾ ಮಾತು ತೆಗೆದು ಸಾಧಿಸಿದ್ದನ್ನು ಚಿತ್ರ ಶಬ್ದ ತೆಗೆದು ಸಾಧಿಸಿತು.

ಒಂದೇ ಕತೆ, ಒಂದೇ ಪಾತ್ರಗಳು. ಒಂದು ಕಡೆ ಕಲೆಯ ತುತ್ತತುದಿ, ಇನ್ನೊಂದು ಕಡೆ ಎಳೆದಾಟ. ಈ ವ್ಯತ್ಯಾಸವನ್ನು ಪ್ರತಿಭೆಯ ಲೆಕ್ಕದಲ್ಲಿ ಮಾತ್ರ ವಿವರಿಸಲು ಹೋದರೆ ದಾರಿ ತಪ್ಪುತ್ತೇವೆ. ಮಾಂಗಾ ಮತ್ತು ಅನಿಮೆಯ ಅಭಿಮಾನಿಯಾಗಿ ನಾನು ಕಂಡುಕೊಂಡದ್ದು ಇಷ್ಟು: ಇವುಗಳಲ್ಲಿ ನನಗೆ ಅತಿ ಪ್ರಿಯವಾದ ಗುಣಗಳೂ ಅತಿ ಬೇಸರ ತರಿಸುವ ದೋಷಗಳೂ ಒಂದೇ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಆ ಕಾರ್ಖಾನೆ ಹೇಗೆ ನಡೆಯುತ್ತದೆ ಎಂದು ತಿಳಿದರೆ, ಒಂದು ಕತೆ ಎಲ್ಲಿ ಏಕೆ ಎಡವಿತು ಎಂಬುದೂ ತಿಳಿಯುತ್ತದೆ.

ಮೊದಲು ಮಾಂಗಾ. ಜಪಾನಿನ ಅತಿ ಪ್ರಸಿದ್ಧ ಮಾಂಗಾ ಪತ್ರಿಕೆ ‘ವೀಕ್ಲಿ ಶೋನೆನ್ ಜಂಪ್’ 1968ರಲ್ಲಿ ಶುರುವಾಯಿತು. 1990ರ ದಶಕದ ನಡುವಿನಲ್ಲಿ ಅದರ ಪ್ರಸಾರ ವಾರಕ್ಕೆ 65 ಲಕ್ಷ ಪ್ರತಿ ದಾಟಿತ್ತು. ಅಗ್ಗದ ಕಾಗದದ ಮೇಲೆ ಕಪ್ಪುಬಿಳುಪಿನಲ್ಲಿ ಅಚ್ಚಾಗುವ ದಪ್ಪ ಪತ್ರಿಕೆ. ಒಂದೊಂದು ಸಂಚಿಕೆಯಲ್ಲೂ ಸುಮಾರು 20 ಕತೆಗಳ ಒಂದೊಂದು ಅಧ್ಯಾಯ. ನಮ್ಮ ವಾರಪತ್ರಿಕೆಗಳಲ್ಲಿ ಧಾರಾವಾಹಿ ಕಾದಂಬರಿ ಓದಿದವರಿಗೆ ಪುಟದ ಕೊನೆಯ ‘ಮುಂದುವರಿಯುವುದು’ ಚೆನ್ನಾಗಿ ಗೊತ್ತು. ಅಂಥ 20 ಧಾರಾವಾಹಿಗಳು ಒಂದೇ ಸಂಚಿಕೆಯಲ್ಲಿ ಪರಸ್ಪರ ಸ್ಪರ್ಧೆಗೆ ನಿಂತಿವೆ ಎಂದುಕೊಳ್ಳಿ.

ಸ್ಪರ್ಧೆ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಪತ್ರಿಕೆಯೊಳಗೆ ಓದುಗರ ಅಭಿಪ್ರಾಯ ಕೇಳುವ ಅಂಚೆ ಕಾರ್ಡ್ ಇರುತ್ತಿತ್ತು. ಈ ಸಂಚಿಕೆಯಲ್ಲಿ ನಿಮಗೆ ಇಷ್ಟವಾದ ಮೂರು ಕತೆಗಳು ಯಾವುವು ಎಂದು ಬರೆದು ಕಳಿಸಬೇಕು. ಮತ ಕಡಿಮೆ ಬಿದ್ದ ಹೊಸ ಕತೆಗೆ ಹತ್ತಿಪ್ಪತ್ತು ವಾರಗಳಲ್ಲೇ ಮಂಗಳ ಹಾಡುತ್ತಾರೆ. ಮತ ಹೆಚ್ಚು ಬಿದ್ದ ಕತೆಗೆ ಬೇರೆಯದೇ ಪೀಡೆ: ಅದು ಮುಗಿಯುವಂತಿಲ್ಲ.

ಕಲಾವಿದನ ವಾರ ಹೇಗಿರುತ್ತದೆ ನೋಡಿ. ಮೊದಲು ಇಡೀ ಅಧ್ಯಾಯದ ಕಚ್ಚಾ ರೂಪವನ್ನು ಗೀಚಬೇಕು; ಯಾವ ಚೌಕಟ್ಟು ಎಲ್ಲಿ, ಯಾರ ಮಾತು ಎಲ್ಲಿ ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಸಂಪಾದಕ ಅದನ್ನು ನೋಡಿ ತಿದ್ದಿಸುತ್ತಾನೆ, ಕೆಲವೊಮ್ಮೆ ಪೂರ್ತಿ ಬದಲಿಸಲು ಹೇಳುತ್ತಾನೆ. ಒಪ್ಪಿಗೆ ಸಿಕ್ಕ ಮೇಲೆ ಸುಮಾರು 19 ಪುಟಗಳನ್ನು ಪೆನ್ಸಿಲ್‌ನಲ್ಲಿ ಬರೆದು, ಶಾಯಿ ಹಾಕಿ ಮುಗಿಸಬೇಕು. ಹಿನ್ನೆಲೆಯ ಕಟ್ಟಡ, ಮರ, ಜನಜಂಗುಳಿಯನ್ನು ಸಹಾಯಕರು ಬರೆಯುತ್ತಾರೆ. ಮುಗಿದ ಮರುದಿನವೇ ಮುಂದಿನ ವಾರದ ಅಧ್ಯಾಯ ಕಾದಿರುತ್ತದೆ. ಇದು ಒಂದು ತಿಂಗಳ, ಒಂದು ವರ್ಷದ ಮಾತಲ್ಲ. ಐಇಚಿರೊ ಓಡಾ ಅವರ ‘ಒನ್ ಪೀಸ್’ 1997ರಿಂದ ಹೀಗೆಯೇ ನಡೆದುಬಂದಿದೆ.

ಈ ಓಟದಿಂದ ಸಿಗುವ ಲಾಭ ದೊಡ್ಡದು. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಪಾತ್ರ ಸಂಸ್ಥೆಗೆ ಸೇರಿದ್ದು. ಬರೆಯುವವರು, ಚಿತ್ರಿಸುವವರು ಬದಲಾಗುತ್ತಲೇ ಇರುತ್ತಾರೆ. ಮಾಂಗಾದಲ್ಲಿ ಕತೆ ಸಾಮಾನ್ಯವಾಗಿ ಒಬ್ಬರದು ಅಥವಾ ಇಬ್ಬರದು. ಅವರ ಗೀರು, ಅವರ ಹಾಸ್ಯ, ಅವರ ಭಯ ಮೊದಲ ಪುಟದಿಂದ ಕೊನೆಯವರೆಗೆ ಇರುತ್ತದೆ. ಹತ್ತು ವರ್ಷ ಓದಿದರೆ ಒಬ್ಬ ಮನುಷ್ಯನ ಕೈ ಹೇಗೆ ಪಳಗಿತು ಎಂಬುದನ್ನು ಕಣ್ಣಾರೆ ನೋಡುತ್ತೇವೆ. ‘ಸ್ಲ್ಯಾಮ್ ಡಂಕ್’ನ ಮೊದಲ ಸಂಪುಟದ ದೇಹಗಳನ್ನೂ ಕೊನೆಯ ಸಂಪುಟದ ದೇಹಗಳನ್ನೂ ಅಕ್ಕಪಕ್ಕ ಇಟ್ಟರೆ ಇದು ಒಬ್ಬರದೇ ಕೆಲಸವೇ ಎಂದು ಬೆರಗಾಗುತ್ತದೆ.

ಅಗ್ಗದ ಕಾಗದ ಮತ್ತು ಸಣ್ಣ ತಂಡದಿಂದ ಇನ್ನೊಂದು ಲಾಭವೂ ಇದೆ: ಪ್ರಯೋಗಕ್ಕೆ ಹೆಚ್ಚು ಹಣ ಬೇಕಿಲ್ಲ. ಅದಕ್ಕಾಗಿಯೇ ಮಾಂಗಾದ ವಸ್ತುವೈವಿಧ್ಯ ಇಷ್ಟು ವಿಶಾಲ. ಗೋ ಎಂಬ ಹಳೆಯ ಮಣೆಯಾಟದ ಬಗ್ಗೆ ‘ಹಿಕಾರು ನೋ ಗೋ’ ಇದೆ. ನೂರು ಹಳೆಯ ಪದ್ಯಗಳ ಚೀಟಿಗಳನ್ನು ಕಿವಿಗೊಟ್ಟು ಹಿಡಿಯುವ ಕರುತಾ ಆಟದ ಬಗ್ಗೆ ‘ಚಿಹಯಾಫುರು’ ಇದೆ. ಹಿರೊಶಿಮಾದ ಬಾಂಬ್ ದಾಳಿಯಲ್ಲಿ ಆರನೇ ವಯಸ್ಸಿನಲ್ಲಿ ಬದುಕುಳಿದ ಕೆಯ್‌ಜಿ ನಕಜಾವಾ ತಮ್ಮ ಅನುಭವವನ್ನೇ ಆಧರಿಸಿ ಬರೆದ ‘ಬೇರ್‌ಫುಟ್ ಗೆನ್’ 1973ರಲ್ಲಿ ಶುರುವಾದದ್ದು ಹುಡುಗರಿಗಾಗಿಯೇ ಇದ್ದ ಇದೇ ಜಂಪ್ ಪತ್ರಿಕೆಯಲ್ಲಿ. ಮಕ್ಕಳಿಗೆ ಇಷ್ಟು ಘೋರ ಸತ್ಯವನ್ನು ಮುಚ್ಚುಮರೆಯಿಲ್ಲದೆ ಹೇಳಿದ ಚಿತ್ರಕತೆ ಬಲು ಅಪರೂಪ. ‘ಮಾಂಗಾ ಎಂದರೆ ಬರೀ ಹೊಡೆದಾಟ’ ಎನ್ನುವವರಿಗೆ ನಾನು ಮೊದಲು ಕೊಡುವ ಉತ್ತರ ಇದೇ.

ಇನ್ನು ನಷ್ಟ. ವಾರವಾರ ಕತೆ ಕಟ್ಟುವವನಿಗೆ ಮುಂದಿನ ತಿಂಗಳು ಏನಾಗುತ್ತದೆ ಎಂಬುದು ಎಷ್ಟೋ ಸಲ ತನಗೇ ಗೊತ್ತಿರುವುದಿಲ್ಲ. ಅಕಿರಾ ತೊರಿಯಾಮಾ ಅವರ ‘ಡ್ರ್ಯಾಗನ್ ಬಾಲ್’ನಲ್ಲಿ ಯಂತ್ರಮಾನವರು ಬರುವ ಭಾಗ ಇದಕ್ಕೆ ಒಳ್ಳೆಯ ನಿದರ್ಶನ. ಅವರು ಮೊದಲು ತಂದದ್ದು ಒಬ್ಬ ಮುದುಕ ಮತ್ತು ಒಬ್ಬ ಡೊಳ್ಳುಹೊಟ್ಟೆಯವನನ್ನು. ಹಿಂದಿನ ಸಂಪಾದಕ ಕಜುಹಿಕೊ ತೊರಿಶಿಮಾ ಅವರಿಗೆ ಈ ಖಳರು ಹಿಡಿಸಲಿಲ್ಲ. ತೊರಿಯಾಮಾ ಇಬ್ಬರು ತರುಣ ಯಂತ್ರಮಾನವರನ್ನು ತಂದರು. ಅವರ ಬಗ್ಗೆಯೂ ತಕರಾರು ಬಂದಾಗ ಸೆಲ್ ಎಂಬ ಕೀಟದಂಥ ಜೀವಿ ಹುಟ್ಟಿತು. ಅದೂ ಕುರೂಪಿ ಎನ್ನಿಸಿದಾಗ ಅದು ರೂಪ ಬದಲಿಸತೊಡಗಿತು. ಇಷ್ಟೆಲ್ಲ ತಿರುವುಗಳು ಕತೆಯ ಒಳಗಿನ ಅಗತ್ಯದಿಂದ ಹುಟ್ಟಿದವಲ್ಲ. ಆದರೂ ಆ ಭಾಗ ರೋಚಕವಾಗಿದೆ, ಏಕೆಂದರೆ ಮುಂದೇನು ಎಂಬುದು ಓದುಗನಿಗೆ ಎಷ್ಟು ಅನಿಶ್ಚಿತವೋ ಕರ್ತೃವಿಗೂ ಅಷ್ಟೇ ಅನಿಶ್ಚಿತ. ಆ ಬಿಸಿ ಪುಟದ ಮೇಲೆ ತಟ್ಟುತ್ತದೆ. ಅದೇ ಅನಿಶ್ಚಿತತೆ ಹತ್ತಾರು ಸಂಪುಟಗಳಿಗೆ ಬೆಳೆದಾಗ ಕಟ್ಟಡ ವಾಲುತ್ತದೆ. ಪ್ರತಿ ಶತ್ರುವೂ ಹಿಂದಿನವನಿಗಿಂತ ಬಲಿಷ್ಠನಾಗಿರಲೇಬೇಕು, ಹಳೆಯ ಗೆಳೆಯರೆಲ್ಲ ದಡದಲ್ಲಿ ನಿಂತು ಬೆರಗಿನಿಂದ ನೋಡುವವರಾಗುತ್ತಾರೆ, ಸತ್ತವರು ಮರಳಿ ಬರುತ್ತಾರೆ. ಸಾವಿಗೆ ಬೆಲೆಯಿಲ್ಲದ ಮೇಲೆ ಗೆಲುವಿಗೂ ಬೆಲೆ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಮನುಷ್ಯರದು. ‘ಹಂಟರ್ ಹಂಟರ್’ ಬರೆಯುವ ಯೊಶಿಹಿರೊ ತೊಗಾಶಿ ಬೆನ್ನುನೋವಿನಿಂದ ವರ್ಷಗಟ್ಟಲೆ ಕತೆ ನಿಲ್ಲಿಸಬೇಕಾಗಿದೆ. ಎರಡು ವರ್ಷ ಕುರ್ಚಿಯ ಮೇಲೆ ಕೂರಲೂ ಆಗಲಿಲ್ಲ ಎಂದು ಅವರೇ 2022ರಲ್ಲಿ ಹೇಳಿದರು. 1989ರಿಂದ ‘ಬರ್ಸರ್ಕ್’ ಬರೆಯುತ್ತಿದ್ದ ಕೆಂತಾರೊ ಮಿಯುರಾ 2021ರ ಮೇ ತಿಂಗಳಲ್ಲಿ, 54ನೇ ವಯಸ್ಸಿನಲ್ಲಿ, ಕತೆ ಮುಗಿಸದೆಯೇ ತೀರಿಕೊಂಡರು. ಅವರು ಬಾಯಲ್ಲಿ ಹೇಳಿದ್ದ ಕತೆಯನ್ನು ನೆನಪಿಟ್ಟುಕೊಂಡಿದ್ದ ಗೆಳೆಯ ಕೋಜಿ ಮೋರಿ ಮತ್ತು ಮಿಯುರಾ ಅವರ ಸಹಾಯಕರು ಮರುವರ್ಷದಿಂದ ಅದನ್ನು ಮುಂದುವರಿಸುತ್ತಿದ್ದಾರೆ. ಮುಂದಿನ ಅಧ್ಯಾಯ ಯಾವಾಗ ಎಂದು ಕಲಾವಿದರನ್ನು ಪೀಡಿಸುವ ಅಭಿಮಾನಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಖುಷಿಗಾಗಿ ಯಾರ ಬೆನ್ನೂ ಮುರಿಯಬೇಕಿಲ್ಲ. ವಾರಪತ್ರಿಕೆಗಳು ಕಲಾವಿದರಿಗೆ ನಿಯಮಿತ ರಜೆ ಕೊಡುವುದು ಔದಾರ್ಯ ಅಲ್ಲವೇ ಅಲ್ಲ, ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಈಗ ಅನಿಮೆ. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ‘ಆಸ್ಟ್ರೊ ಬಾಯ್’ ಜಪಾನಿನ ಟಿವಿಯಲ್ಲಿ ಶುರುವಾಯಿತು. ವಾರಕ್ಕೊಂದು ಅರ್ಧ ಗಂಟೆಯ ಕಂತು. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಡಿಸ್ನಿಯ ಅನಿಮೇಷನ್‌ನಲ್ಲಿ ಸೆಕೆಂಡಿಗೆ 12ರಿಂದ 24 ಚಿತ್ರಗಳನ್ನು ಬರೆಯುತ್ತಿದ್ದರು. ಆ ದುಡ್ಡಿನಲ್ಲಿ, ಆ ವೇಗದಲ್ಲಿ ಅದು ಸಾಧ್ಯವಿರಲಿಲ್ಲ. ತೆಜುಕಾ ತಂಡ ಒಂದೊಂದು ಚಿತ್ರವನ್ನು ಮೂರು ಚೌಕಟ್ಟುಗಳ ಕಾಲ ಹಿಡಿದು, ಸೆಕೆಂಡಿಗೆ 8 ಚಿತ್ರಗಳಿಗೆ ಇಳಿಸಿತು. ಮಾತನಾಡುವಾಗ ಬಾಯಿ ಮಾತ್ರ ಅಲುಗಿತು. ಹಾರುವ ದೃಶ್ಯವನ್ನು ಕೂಡಿಟ್ಟುಕೊಂಡು ಮತ್ತೆ ಮತ್ತೆ ಬಳಸಿದರು. ಹಾಗಿದ್ದೂ ಟಿವಿಯವರು ಕೊಟ್ಟ ಹಣ ಖರ್ಚಿಗೆ ಸಾಲುತ್ತಿರಲಿಲ್ಲ; ಚಾಕೊಲೇಟ್ ಡಬ್ಬಿಯ ಜೊತೆ ಬರುವ ಸ್ಟಿಕ್ಕರ್‌ನಂಥ ಸಾಮಗ್ರಿಗಳ ಹಕ್ಕಿನ ಹಣ ಆ ಕೊರತೆ ತುಂಬಬೇಕಾಯಿತು. ಕಂತನ್ನು ಅಗ್ಗಕ್ಕೆ ಮಾರಿ ಆಟಿಕೆಯಲ್ಲಿ ದುಡಿಯುವ ಈ ಲೆಕ್ಕಾಚಾರ ಅಂದಿನಿಂದ ಅನಿಮೆಯ ಬೆನ್ನು ಬಿಟ್ಟಿಲ್ಲ.

ಆದರೆ ಬಡತನದಿಂದ ಒಂದು ಸೌಂದರ್ಯವೂ ಹುಟ್ಟಿತು. ಎಲ್ಲವನ್ನೂ ಚಲಿಸುವಂತೆ ಮಾಡಲಾಗದಿದ್ದಾಗ, ಯಾವುದನ್ನು ನಿಲ್ಲಿಸಬೇಕು ಎಂಬುದೇ ಕಲೆಯಾಯಿತು. ಹಿದೆಯಾಕಿ ಅನ್ನೊ ನಿರ್ದೇಶಿಸಿದ ‘ಇವಾಂಜೆಲಿಯನ್’ 1995ರಲ್ಲಿ ಶುರುವಾದ ಸರಣಿ. ಅದರ 24ನೇ ಕಂತಿನಲ್ಲಿ ಹುಡುಗನೊಬ್ಬ ತನ್ನನ್ನು ಪ್ರೀತಿಯಿಂದ ಕಂಡ ಒಬ್ಬನೇ ಗೆಳೆಯನನ್ನು ದೈತ್ಯ ಯಂತ್ರದ ಮುಷ್ಟಿಯಲ್ಲಿ ಹಿಡಿದಿದ್ದಾನೆ. ಕೊಲ್ಲಬೇಕು, ಕೊಲ್ಲಲಾರ. ಸುಮಾರು ಒಂದು ನಿಮಿಷ ತೆರೆಯ ಮೇಲೆ ಒಂದೇ ಚಿತ್ರ, ಯಾವುದೂ ಅಲುಗುವುದಿಲ್ಲ. ಹಿಂದೆ ಬೀಥೋವನ್‌ನ ಒಂಬತ್ತನೇ ಸಿಂಫನಿ ಮೊಳಗುತ್ತಿರುತ್ತದೆ. ಚಲನೆಯ ಕಲೆಯಲ್ಲಿ ಚಲನೆಯನ್ನು ಕಿತ್ತುಕೊಂಡಾಗ ನೋಡುಗ ಆ ಹುಡುಗನ ಮನಸ್ಸಿನೊಳಗೆ ಸಿಕ್ಕಿಬೀಳುತ್ತಾನೆ. ಇದೇ ಸರಣಿಯ ಕೊನೆಯ ಎರಡು ಕಂತುಗಳಲ್ಲಿ ಕಾಲಾವಕಾಶವಿಲ್ಲದೆ ಗೀಚುಚಿತ್ರಗಳನ್ನೂ ಹಳೆಯ ಚೌಕಟ್ಟುಗಳನ್ನೂ ತುಂಬಿಸಿದರು. ಅದನ್ನು ಮಹಾನ್ ಪ್ರಯೋಗವೆಂದು ಕೊಂಡಾಡುವವರಿದ್ದಾರೆ. ನನಗೆ ಅಲ್ಲಿ ದಿಟ್ಟತನದ ಜೊತೆ ದಣಿವೂ ಕಾಣುತ್ತದೆ.

ಹಣವೂ ಸಮಯವೂ ಇದ್ದ ಕಡೆ ಬೇರೆ ಬಗೆಯ ನಿಲುಗಡೆ ಸಾಧ್ಯವಾಯಿತು. ಹಯಾವೊ ಮಿಯಜಾಕಿ ಅವರ ‘ಮೈ ನೇಬರ್ ತೊತೊರೊ’ (1988) ಚಿತ್ರದ ಬಸ್ ನಿಲ್ದಾಣದಲ್ಲಿ ಇಬ್ಬರು ಹುಡುಗಿಯರು ಮಳೆಯಲ್ಲಿ ಅಪ್ಪನಿಗಾಗಿ ಕಾಯುತ್ತಾರೆ. ತಂಗಿ ಅಕ್ಕನ ಬೆನ್ನ ಮೇಲೆ ನಿದ್ದೆ ಹೋಗುತ್ತಾಳೆ. ಪಕ್ಕಕ್ಕೆ ದೊಡ್ಡ ರೋಮಶ ಜೀವಿ ಬಂದು ನಿಲ್ಲುತ್ತದೆ. ಅಕ್ಕ ಕೊಟ್ಟ ಕೊಡೆಯ ಮೇಲೆ ಹನಿ ಬಿದ್ದ ಸದ್ದಿಗೆ ಅದು ಹಿಗ್ಗುತ್ತದೆ. ಕತೆ ಮುಂದೆ ಹೋಗುವುದೇ ಇಲ್ಲ, ಹೋಗಬೇಕೆಂದು ಅನ್ನಿಸುವುದೂ ಇಲ್ಲ. ಮಕ್ಕಳ ಚಿತ್ರವೆಂದರೆ ಪ್ರತಿ ನಿಮಿಷವೂ ಗದ್ದಲವಿರಬೇಕು ಎಂದು ನಂಬಿದವರು ಈ ದೃಶ್ಯವನ್ನೊಮ್ಮೆ ನೋಡಬೇಕು.

ಟಿವಿಯ ಹಣೆಬರಹ ಬೇರೆ. ವಾರಕ್ಕೊಂದು ಕಂತು ಬರುತ್ತಿದ್ದರೆ ಅನಿಮೆ ಬೇಗನೆ ಮಾಂಗಾವನ್ನು ಹಿಂದಿಕ್ಕುವ ಹಂತಕ್ಕೆ ಬರುತ್ತದೆ. ಆಗ ಉಳಿಯುವುದು ಮೂರೇ ದಾರಿ. ಒಂದು, ಎಳೆಯುವುದು: ‘ಡ್ರ್ಯಾಗನ್ ಬಾಲ್ ಝಡ್’ನಲ್ಲಿ ಐದು ನಿಮಿಷದಲ್ಲಿ ಸಿಡಿಯಬೇಕಿದ್ದ ಗ್ರಹ ಹಲವು ಕಂತುಗಳಾದರೂ ಸಿಡಿಯಲಿಲ್ಲ. ಎರಡು, ಮೂಲದಲ್ಲಿಲ್ಲದ ಕತೆ ತುಂಬುವುದು: ‘ನರುತೊ’ ಮೊದಲ ಸರಣಿಯ 220 ಕಂತುಗಳಲ್ಲಿ ಕೊನೆಯ ಸುಮಾರು 80 ಕಂತು ಬಹುಪಾಲು ಇಂಥ ತುಂಬುಗತೆಯೇ. ಮೂರನೆಯದು, ತನ್ನದೇ ದಾರಿ ಹಿಡಿದು ಬೇರೆ ಅಂತ್ಯ ಕಟ್ಟುವುದು. ಮೂರನೆಯದನ್ನು ಅಭಿಮಾನಿಗಳು ದ್ರೋಹವೆಂದು ಬಯ್ಯುತ್ತಾರೆ. ನಾನು ಒಪ್ಪುವುದಿಲ್ಲ.

ಹಿರೊಮು ಅರಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ತೆಗೆದುಕೊಳ್ಳಿ. ಸತ್ತ ತಾಯಿಯನ್ನು ರಸವಿದ್ಯೆಯಿಂದ ಮರಳಿ ತರಲು ಹೋಗಿ ಒಬ್ಬ ಒಂದು ಕೈ, ಒಂದು ಕಾಲನ್ನೂ ಇನ್ನೊಬ್ಬ ಇಡೀ ದೇಹವನ್ನೂ ಕಳೆದುಕೊಂಡ ಅಣ್ಣತಮ್ಮಂದಿರ ಕತೆ. 2001ರಿಂದ 2010ರವರೆಗೆ, 27 ಸಂಪುಟಗಳಲ್ಲಿ ಬಂದ ಇದು ವಾರಪತ್ರಿಕೆಯದಲ್ಲ, ಮಾಸಪತ್ರಿಕೆಯದು. ಆ ಬಿಡುವಿನ ಫಲ ಪ್ರತಿ ಎಳೆಯಲ್ಲೂ ಕಾಣುತ್ತದೆ: ಆರಂಭದ ಸಂಪುಟಗಳಲ್ಲಿ ಬಿತ್ತಿದ್ದು ಕೊನೆಯಲ್ಲಿ ಫಲ ಕೊಡುತ್ತದೆ, ಯಾವ ಪಾತ್ರವೂ ಅನಾಥವಾಗುವುದಿಲ್ಲ. ಬೋನ್ಸ್ ಸ್ಟುಡಿಯೊ 2003ರಲ್ಲಿ ಇದನ್ನು ಅನಿಮೆ ಮಾಡಿದಾಗ ಮೂಲ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಹಾಗಾಗಿ 51 ಕಂತುಗಳ ಆ ಸರಣಿ ಬೇರೆಯೇ ಅಂತ್ಯ ಕಂಡಿತು. 2009ರಲ್ಲಿ ಅದೇ ಸ್ಟುಡಿಯೊ ಮೂಲಕ್ಕೆ ನಿಷ್ಠವಾಗಿ 64 ಕಂತುಗಳ ‘ಬ್ರದರ್‌ಹುಡ್’ ಮಾಡಿತು.

ಎರಡರಲ್ಲೂ ನೀನಾ ಎಂಬ ಪುಟ್ಟ ಹುಡುಗಿ ಬರುತ್ತಾಳೆ. ಅವಳ ತಂದೆ ಸರಕಾರಿ ರಸವಾದಿ. ತನ್ನ ಪದವಿ ಉಳಿಸಿಕೊಳ್ಳಲು ಅವನು ಮಗಳಿಗೂ ಅವಳ ನಾಯಿಗೂ ಮಾಡುವ ಕೃತ್ಯವನ್ನು ನೋಡಿದವರು ಮರೆಯುವುದಿಲ್ಲ. 2003ರ ಸರಣಿಯಲ್ಲಿ ಅಣ್ಣತಮ್ಮಂದಿರು ಪರೀಕ್ಷೆಗೆ ಓದಲು ಅವಳ ಮನೆಯಲ್ಲೇ ಉಳಿಯುತ್ತಾರೆ. ಅವಳು ಅವರ ಜೊತೆ ಆಡುತ್ತಾಳೆ, ಹಿಮದಲ್ಲಿ ಓಡುತ್ತಾಳೆ, ಆ ಮನೆ ನಮಗೂ ಪರಿಚಿತವಾಗುತ್ತದೆ. ದುರಂತ ಬರುವುದು ಆಮೇಲೆ. ‘ಬ್ರದರ್‌ಹುಡ್’ನಲ್ಲಿ ಇದೆಲ್ಲ ನಾಲ್ಕನೇ ಕಂತೊಂದರಲ್ಲೇ ಮುಗಿಯುತ್ತದೆ. ಆಘಾತವಾಗುತ್ತದೆ, ದುಃಖವಾಗುವಷ್ಟು ಸಮಯವಿಲ್ಲ. ಒಟ್ಟು ಕತೆಯಾಗಿ ನನಗೆ ‘ಬ್ರದರ್‌ಹುಡ್’ ಮೇಲು, ನೀನಾಳ ವಿಷಯದಲ್ಲಿ 2003ರದು ಮೇಲು. ಮೂಲಕ್ಕೆ ನಿಷ್ಠೆ ಎಂಬುದೊಂದನ್ನೇ ಅಳತೆಗೋಲು ಮಾಡಿಕೊಂಡವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಈಚೆಗೆ ವರ್ಷಪೂರ್ತಿ ನಡೆಯುವ ಸರಣಿಗಳು ಕಡಿಮೆಯಾಗಿವೆ. 12–13 ಕಂತುಗಳ ಸೀಸನ್ ಮಾಡಿ, ನಿಲ್ಲಿಸಿ, ಮತ್ತೆ ಬರುತ್ತಾರೆ. ಎಳೆದಾಟ ತಗ್ಗಿದೆ, ಚಿತ್ರದ ಗುಣಮಟ್ಟ ಏರಿದೆ. 2023ರಲ್ಲಿ ಶುರುವಾದ ‘ಫ್ರೀರೆನ್’ ನೋಡಿದವರಿಗೆ ಈ ಬದಲಾವಣೆಯ ಒಳ್ಳೆಯ ಮುಖ ಗೊತ್ತು. ಕೆಟ್ಟ ಮುಖವೂ ಇದೆ: ಎಷ್ಟೋ ಸರಣಿಗಳು ಒಂದು ಸೀಸನ್‌ಗೆ ನಿಂತು, ಕತೆ ನಡುಬೀದಿಯಲ್ಲಿ ಉಳಿಯುತ್ತದೆ. ಇದಕ್ಕೆ ಕಾರಣ ಹಣದ ವ್ಯವಸ್ಥೆ. ಒಂದು ಅನಿಮೆಗೆ ಪ್ರಕಾಶಕ, ಟಿವಿ ವಾಹಿನಿ, ಸಂಗೀತ ಕಂಪನಿ, ಆಟಿಕೆ ಕಂಪನಿ, ಜಾಹೀರಾತು ಸಂಸ್ಥೆ ಸೇರಿ ನಿರ್ಮಾಣ ಸಮಿತಿ ಮಾಡಿಕೊಂಡು ಹಣ ಹಾಕುತ್ತಾರೆ. ಯಾರೊಬ್ಬರೂ ಪೂರ್ತಿ ಮುಳುಗುವುದಿಲ್ಲ, ಆದ್ದರಿಂದ ವಿಚಿತ್ರ ಕತೆಗಳಿಗೂ ಅವಕಾಶ ಸಿಗುತ್ತದೆ. ಆದರೆ ಪ್ರಕಾಶಕನ ಲೆಕ್ಕದಲ್ಲಿ ಅನಿಮೆ ಎಂದರೆ ಪುಸ್ತಕದ ಜಾಹೀರಾತು. ಪುಸ್ತಕ ಮಾರಾಟವಾದರೆ ಅದರ ಕೆಲಸ ಮುಗಿಯಿತು. ಚಿತ್ರ ಬರೆಯುವ ಸ್ಟುಡಿಯೊ ಸಮಿತಿಯಲ್ಲಿ ಪಾಲುದಾರನಲ್ಲದಿದ್ದರೆ ಅದಕ್ಕೆ ಸಿಗುವುದು ಗೊತ್ತುಮಾಡಿದ ಕೂಲಿ ಮಾತ್ರ. ಜಗತ್ತಿನಾದ್ಯಂತ ಗೆದ್ದರೂ ಲಾಭ ಬೇರೆಯವರಿಗೆ.

ಕೆಳಗಿನ ಮೆಟ್ಟಿಲಿನಲ್ಲಿ ಇನ್ನೂ ಕಷ್ಟ. ಎರಡು ಮುಖ್ಯ ಭಂಗಿಗಳ ನಡುವಿನ ಚಿತ್ರಗಳನ್ನು ಬರೆಯುವ ಹೊಸಬರಿಗೆ ಚಿತ್ರವೊಂದಕ್ಕೆ ಇನ್ನೂರು, ಮುನ್ನೂರು ಯೆನ್ ಲೆಕ್ಕದಲ್ಲಿ ಕೂಲಿ. ಅನಿಮೇಟರ್‌ಗಳ ಸಂಘ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಇವರ ಸರಾಸರಿ ವಾರ್ಷಿಕ ಆದಾಯ ಸುಮಾರು 11 ಲಕ್ಷ ಯೆನ್. ಟೋಕಿಯೊದಲ್ಲಿ ಇದರಲ್ಲಿ ಬದುಕುವುದು ದುಸ್ತರ. ಬೇರೆ ದಾರಿ ಇಲ್ಲವೆಂದಲ್ಲ. ಕ್ಯೋಟೊ ಅನಿಮೇಷನ್ ಸಂಸ್ಥೆ ತನ್ನ ಕಲಾವಿದರಿಗೆ ತಿಂಗಳ ಸಂಬಳ ಕೊಟ್ಟು, ತಾನೇ ತರಬೇತಿ ನೀಡಿ ಬೆಳೆಸಿತು. ಅವರ ಚಿತ್ರಗಳಲ್ಲಿ ಬೆರಳು, ಕೂದಲು, ಸಂಜೆಯ ಬೆಳಕು ಕಾಣುವ ರೀತಿಯಲ್ಲೇ ಆ ನೆಮ್ಮದಿ ಗೊತ್ತಾಗುತ್ತದೆ. 2019ರ ಜುಲೈ 18ರಂದು ಒಬ್ಬ ಹಚ್ಚಿದ ಬೆಂಕಿಗೆ ಅಲ್ಲಿನ 36 ಜನ ಬಲಿಯಾದರು. ಅನಿಮೆ ಪ್ರೀತಿಸುವ ಯಾರಿಗೂ ಆ ನೋವು ಇನ್ನೂ ಆರಿಲ್ಲ.

ವ್ಯವಸ್ಥೆಯ ಮೇಲೆ ಹಾಕಿ ಕೈತೊಳೆದುಕೊಳ್ಳಲಾಗದ ದೋಷವೂ ಒಂದಿದೆ: ಹೆಣ್ಣುಮಕ್ಕಳನ್ನು, ಅದರಲ್ಲೂ ಶಾಲೆಗೆ ಹೋಗುವ ಹುಡುಗಿಯರನ್ನು, ತೋರಿಸುವ ರೀತಿ. ಗಂಭೀರ ಸನ್ನಿವೇಶದ ನಡುವೆ ಕ್ಯಾಮೆರಾ ಹುಡುಗಿಯ ಲಂಗದ ಕಡೆ ಹೊರಳುತ್ತದೆ, ಕತೆ ಸತ್ತುಹೋಗುತ್ತದೆ. ಇದು ಅವರ ಸಂಸ್ಕೃತಿ ಎಂದು ಸಮರ್ಥಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದೇ ಜಪಾನಿನಲ್ಲಿ ಮೋತೊ ಹಾಗಿಯೊ, ರಿಯೊಕೊ ಇಕೆದಾ ಅವರಂಥ ಲೇಖಕಿಯರು 1970ರ ದಶಕದಲ್ಲೇ ಹುಡುಗಿಯರ ಮಾಂಗಾಕ್ಕೆ ಇತಿಹಾಸ, ವಿಜ್ಞಾನ ಕಥನ, ಮನಸ್ಸಿನ ಸೂಕ್ಷ್ಮಗಳನ್ನು ತಂದರು. ಅರಕಾವಾ ಅವರ ಕತೆಗಳಲ್ಲಿ ಹೆಂಗಸರು ಸೈನಿಕರು, ಯಂತ್ರತಜ್ಞರು, ಮಾಂಸದಂಗಡಿ ನಡೆಸುವ ಗುರುಗಳು. ಯಾರೂ ಅಲಂಕಾರಕ್ಕೆ ನಿಂತವರಲ್ಲ. ಬೇರೆ ಲೋಕದಲ್ಲಿ ಮರುಹುಟ್ಟು ಪಡೆದು, ಬೆವರು ಹರಿಸದೆ ಮಹಾಬಲನಾಗುವ ಹುಡುಗನ ಕತೆಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಇವುಗಳಲ್ಲಿ ಬಹಳಷ್ಟು ಅಂತರ್ಜಾಲದ ಹವ್ಯಾಸಿ ಬರಹಗಳಿಂದ ಬಂದು ಪ್ರತಿ ಋತುವಿನಲ್ಲೂ ತುಂಬಿಕೊಳ್ಳುತ್ತಿವೆ. ಮೂರು ನೋಡಿದರೆ ಉಳಿದವನ್ನೂ ನೋಡಿದಂತೆ.

ಕನ್ನಡದ ನೋಡುಗರಿಗೆ ಇನ್ನೊಂದು ಕೊರತೆಯಿದೆ. ಡಬ್ಬಿಂಗ್‌ಗೆ ನಮ್ಮ ಚಿತ್ರರಂಗದ ವಿರೋಧ ದಶಕಗಳ ಕಾಲ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು. ಅಷ್ಟರಲ್ಲಿ ಇಲ್ಲಿನ ಮಕ್ಕಳ ಒಂದು ತಲೆಮಾರು ಡೋರೆಮಾನ್‌ನನ್ನು ಹಿಂದಿಯಲ್ಲಿ ನೋಡಿಯೇ ಬೆಳೆದಿತ್ತು. 2025ರಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಭಾರತದ ಚಿತ್ರಮಂದಿರಗಳಿಗೆ ಬಂದಾಗಲೂ ಹಿಂದಿ, ತಮಿಳು, ತೆಲುಗು ಧ್ವನಿ ಇತ್ತು, ಕನ್ನಡ ಇರಲಿಲ್ಲ.

ಯಾವುದಾದರೂ ಒಂದನ್ನು ಕನ್ನಡಕ್ಕೆ ತರುವ ಅವಕಾಶ ಸಿಕ್ಕರೆ ನಾನು ಕೇಳುವುದು ಖಡ್ಗ ಝಳಪಿಸುವ ಕತೆಯನ್ನಲ್ಲ, ಅರಕಾವಾ ಅವರ ‘ಸಿಲ್ವರ್ ಸ್ಪೂನ್’ ಅನ್ನು. ಜಪಾನಿನ ಉತ್ತರದ ದ್ವೀಪ ಹೊಕ್ಕಾಯ್ದೊದ ಹೈನುಗಾರಿಕೆ ಕುಟುಂಬದಲ್ಲಿ ಬೆಳೆದ ಅವರು ಅಲ್ಲಿನ ಕೃಷಿ ಶಾಲೆಯ ಬಗ್ಗೆ ಬರೆದ ಮಾಂಗಾ ಅದು. ಪಟ್ಟಣದಿಂದ ಬಂದ ಹುಡುಗ ಒಂದು ಹಂದಿಮರಿಗೆ ಹೆಸರಿಟ್ಟು ಸಾಕುತ್ತಾನೆ, ಅದು ಮಾಂಸಕ್ಕೆ ಹೋಗುವುದೆಂದು ತಿಳಿದೂ ಪ್ರೀತಿಸುತ್ತಾನೆ, ಕೊನೆಗೆ ಅದರ ಮಾಂಸವನ್ನು ತಾನೇ ದುಡಿದ ಹಣದಲ್ಲಿ ಕೊಳ್ಳುತ್ತಾನೆ. ಹಾಲಿನ ದರ, ಸಾಲ, ಮುಚ್ಚಿಹೋಗುವ ಕೊಟ್ಟಿಗೆ, ಊರು ಬಿಡುವ ಮಕ್ಕಳು ಎಲ್ಲವೂ ಅದರಲ್ಲಿ ಇವೆ. ಮಂಡ್ಯ, ಕೋಲಾರದ ಹಾಲಿನ ಡೇರಿಯ ಮುಂದೆ ಬೆಳಿಗ್ಗೆ ಕ್ಯಾನ್ ಹಿಡಿದು ನಿಲ್ಲುವ ಮನೆಗಳ ಮಕ್ಕಳಿಗೆ ಅದನ್ನು ಅರ್ಥಮಾಡಿಕೊಳ್ಳಲು ಯಾವ ಟಿಪ್ಪಣಿಯೂ ಬೇಕಾಗುವುದಿಲ್ಲ.